ಟ್ರ್ಯಾಕ್ ಡೇಗೆ ಪೋಲೋ, ಸ್ವಿಫ್ಟ್ ರೆಡಿ ಮಾಡೋದು: ಮೊದಲ ದುಡ್ಡು ಯಾವುದಕ್ಕೆ?

ಟ್ರ್ಯಾಕ್ ಡೇಗೆ, ಅಂದರೆ ಸ್ವಂತ ಕಾರನ್ನು ರೇಸ್ ಟ್ರ್ಯಾಕಿನಲ್ಲಿ ಓಡಿಸುವ ದಿನಕ್ಕೆ, ಹೊರಟವರು ಮೊದಲು ಕೇಳುವುದು ಒಂದೇ ಪ್ರಶ್ನೆ: ರೀಮ್ಯಾಪ್ (ಪವರ್ ಹೆಚ್ಚಿಸಲು ಎಂಜಿನ್ ಕಂಪ್ಯೂಟರಿನ ಸಾಫ್ಟ್‌ವೇರ್ ಬದಲಿಸುವುದು) ಎಲ್ಲಿ ಮಾಡಿಸಲಿ? ಸದ್ಯಕ್ಕೆ ಎಲ್ಲೂ ಬೇಡ ಅನ್ನುವುದು ನನ್ನ ಉತ್ತರ. ಯಾಕೆ ಅಂತ ವಿವರವಾಗಿ ಹೇಳುತ್ತೇನೆ. ಎಂಜಿನ್ ಕೆಲಸ ಕೆಟ್ಟದ್ದು ಅಂತಲ್ಲ. ನಮ್ಮ ಕಡೆಯ ಬಿಸಿಲಿನಲ್ಲಿ, ನಮ್ಮ ಸಣ್ಣ ಕಾರುಗಳಲ್ಲಿ, ಮೊದಲು ಕೈಕೊಡುವುದು ಎಂಜಿನ್ ಅಲ್ಲ.

ಬೆಂಗಳೂರಿನಿಂದ ಹೋಗುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆಯುತ್ತಿದ್ದೇನೆ. ಕರ್ನಾಟಕದಲ್ಲಿ ಕಾರ್ ರೇಸಿಗೆಂದೇ ಕಟ್ಟಿದ ದೊಡ್ಡ ಸರ್ಕ್ಯೂಟ್ ಇಲ್ಲ. ಹಾಗಾಗಿ ನಮಗೆ ಮುಖ್ಯವಾಗಿ ಇರುವುದು ಎರಡು ದಾರಿ. ಒಂದು, ಶ್ರೀಪೆರಂಬುದೂರು ಬಳಿಯ ಇರುಂಗಾಟ್ಟುಕೋಟೈಯಲ್ಲಿರುವ ಮದ್ರಾಸ್ ಟ್ರ್ಯಾಕ್. 1990ರಿಂದ ಇದೆ, ಒಂದು ಸುತ್ತಿಗೆ 3.7 ಕಿ.ಮೀ., ಹನ್ನೆರಡು ತಿರುವು. ಬೆಂಗಳೂರು–ಚೆನ್ನೈ ಹೈವೇಗೆ ಅಂಟಿಕೊಂಡೇ ಇದೆ. ಇನ್ನೊಂದು ಕೊಯಮತ್ತೂರು. ಅಲ್ಲಿ ಚೆಟ್ಟಿಪಾಳ್ಯಂನ ಕರಿ ಮೋಟಾರ್ ಸ್ಪೀಡ್‌ವೇ ಸುಮಾರು 2.1 ಕಿ.ಮೀ. ಉದ್ದದ ಚಿಕ್ಕ ಟ್ರ್ಯಾಕ್. ಮಾರುತಿ ಎಂಜಿನ್ ಹಾಕಿ ಫಾರ್ಮುಲಾ ಮಾರುತಿ ರೇಸ್ ಕಾರು ಕಟ್ಟಿದ ಎಸ್. ಕರಿವರ್ಧನ್ ಅವರ ಹೆಸರು ಅದಕ್ಕೆ. ಕರುಮತ್ತಂಪಟ್ಟಿಯ ಹತ್ತಿರ ಈಚೆಗೆ ಕೋಸ್ಟ್ ಅನ್ನುವ ಹೊಸ ಟ್ರ್ಯಾಕ್ ಕೂಡ ಬಂದಿದೆ, ಅದು 3.8 ಕಿ.ಮೀ.

ಇದನ್ನೆಲ್ಲ ಹೇಳುವುದಕ್ಕೆ ಕಾರಣ ಇದೆ. ನಮ್ಮಲ್ಲಿ ಹೆಚ್ಚಿನವರು ಕಾರನ್ನು ಲಾರಿ ಮೇಲೆ ಹಾಕಿಕೊಂಡು ಹೋಗುವುದಿಲ್ಲ. ಅದೇ ಕಾರಲ್ಲಿ ಮುನ್ನೂರು ಕಿ.ಮೀ. ಓಡಿಸಿಕೊಂಡು ಹೋಗಬೇಕು, ದಿನವಿಡೀ ಅದನ್ನು ಟ್ರ್ಯಾಕ್‌ನಲ್ಲಿ ದುಡಿಸಬೇಕು, ಸಂಜೆ ಅದರಲ್ಲೇ ಮನೆಗೆ ಬರಬೇಕು. ಸೋಮವಾರ ಅದೇ ಕಾರು ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನಲ್ಲಿ ನಿಲ್ಲಬೇಕು. ಈ ನಾಲ್ಕೂ ಕೆಲಸ ಮಾಡದ ಪಾರ್ಟು ಎಷ್ಟೇ ಚೆನ್ನಾಗಿದ್ದರೂ ನಮಗೆ ಸರಿಹೊಂದುವುದಿಲ್ಲ.

ಇನ್ನೊಂದು ಅಳತೆಗೋಲು ಇದೆ, ನನಗೆ ಅದೇ ಮುಖ್ಯ. ಟ್ರ್ಯಾಕ್ ಡೇನಲ್ಲಿ ಒಂದು ಸೆಷನ್ ಸಾಮಾನ್ಯವಾಗಿ ಹದಿನೈದು–ಇಪ್ಪತ್ತು ನಿಮಿಷ. ಮದ್ರಾಸ್ ಟ್ರ್ಯಾಕ್‌ನಲ್ಲಿ ಸಣ್ಣ ಹ್ಯಾಚ್‌ಬ್ಯಾಕ್‌ಗೆ ಒಂದು ಸುತ್ತಿಗೆ ಎರಡು ನಿಮಿಷದ ಮೇಲೆ ಹಿಡಿಯುತ್ತದೆ. ಅಂದರೆ ಒಂದು ಸೆಷನ್ನಿಗೆ ಆರೇಳು ಲ್ಯಾಪ್. ಯಾವ ಪಾರ್ಟ್ ಹಾಕಿಸುವ ಮೊದಲೂ ಇಷ್ಟು ಕೇಳಿಕೊಳ್ಳಿ: ಇದರಿಂದ ಆರನೇ ಲ್ಯಾಪಿನಲ್ಲಿ ಕಾರು ಎರಡನೇ ಲ್ಯಾಪಿನ ಹಾಗೇ ಇರುತ್ತಾ? ಇರುತ್ತದೆ ಅಂದರೆ ದುಡ್ಡು ಹಾಕಿ. ಒಂದೇ ಲ್ಯಾಪಿಗೆ ಚುರುಕು ತಂದು ಆಮೇಲೆ ಸೊರಗುವ ಸಾಮಾನಾದರೆ ಕಾಯಿರಿ. ಡ್ರೈವಿಂಗ್ ಕಲಿಯಬೇಕು ಅಂದರೆ ಕಾರು ಪ್ರತಿ ಸುತ್ತಿನಲ್ಲೂ ಒಂದೇ ಥರ ನಡೆದುಕೊಳ್ಳಬೇಕು. ಇಲ್ಲದಿದ್ದರೆ ಬದಲಾಗಿದ್ದು ನೀವಾ, ಕಾರಾ ಅಂತ ಗೊತ್ತೇ ಆಗುವುದಿಲ್ಲ.

ಮೊದಲು ಕಾರು

ನಿಮ್ಮ ಹತ್ತಿರ ಈಗಾಗಲೇ ಇರುವ ಕಾರೇ ಒಳ್ಳೆಯ ಕಾರು. ಆದರೂ ಸೆಕೆಂಡ್ ಹ್ಯಾಂಡ್ ತಗೊಳ್ಳುವ ಯೋಚನೆ ಇದ್ದರೆ ಹೋಲಿಸಿ ನೋಡೋಣ.

2018ರ ಸ್ವಿಫ್ಟ್‌ನಲ್ಲಿ 1.2 ಲೀಟರ್ ನಾಲ್ಕು ಸಿಲಿಂಡರ್ ಎಂಜಿನ್, 83 ಪಿಎಸ್ (ಎಂಜಿನ್ ಶಕ್ತಿಯ ಅಳತೆ, ಹೆಚ್ಚುಕಮ್ಮಿ ಹಾರ್ಸ್‌ಪವರ್). ಪೇಪರ್ ಮೇಲೆ ಸಪ್ಪೆ. ಆದರೆ ತೂಕ 900 ಕೆ.ಜಿ.ಗಿಂತ ಕಡಿಮೆ. ಪೋಲೋ ಟಿಎಸ್‌ಐ (ಟರ್ಬೊ ಪೆಟ್ರೋಲ್) ಸಾವಿರ ದಾಟಿದ ಕಾರು. ಜಿಟಿ ಡಿಎಸ್‌ಜಿ (ಎರಡು ಕ್ಲಚ್ಚಿನ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಇರುವುದು) ಅಂತೂ ಸುಮಾರು 1,100 ಕೆ.ಜಿ. ಈ ಇನ್ನೂರು ಕೆ.ಜಿ. ವ್ಯತ್ಯಾಸ ಬ್ರೇಕಿನಲ್ಲಿ, ಟೈರಿನಲ್ಲಿ, ಕೊನೆಗೆ ನಿಮ್ಮ ಜೇಬಿನಲ್ಲಿ ಕಾಣುತ್ತದೆ. ಕರಿಯಂಥ ಚಿಕ್ಕ ಟ್ರ್ಯಾಕಿಗೆ, ಹೊಸಬರಿಗೆ, ಸ್ವಿಫ್ಟ್‌ಗಿಂತ ಒಳ್ಳೆಯ ಮೇಷ್ಟ್ರು ಸಿಗುವುದು ಕಷ್ಟ. ಪಾರ್ಟ್ಸ್ ಯಾವ ಊರಲ್ಲಾದರೂ ಸಿಗುತ್ತವೆ.

ಪೋಲೋದಲ್ಲಿ ಎರಡು ಬೇರೆ ಬೇರೆ ಕಾರುಗಳಿವೆ ಅಂತ ತಿಳಿಯಿರಿ. ಹಳೆಯ ಜಿಟಿ ಟಿಎಸ್‌ಐ 1.2 ಟರ್ಬೊ, 105 ಪಿಎಸ್, ಏಳು ಗೇರಿನ ಡ್ರೈ ಕ್ಲಚ್ (ಆಯಿಲಿನಲ್ಲಿ ಮುಳುಗಿರದ ಕ್ಲಚ್) ಡಿಎಸ್‌ಜಿ. 2020ರಿಂದ ಬಂದದ್ದು 1.0 ಟಿಎಸ್‌ಐ, 110 ಪಿಎಸ್. ಎರಡರ ಟಾರ್ಕೂ (ತಿರುಗಿಸುವ ಬಲ) 175 ಎನ್‌ಎಂ. ಟ್ರ್ಯಾಕಿಗೆ ನಾನು ಆರಿಸುವುದು 1.0 ಟಿಎಸ್‌ಐನ ಆರು ಗೇರಿನ ಮ್ಯಾನ್ಯುಯಲ್. ಡ್ರೈ ಕ್ಲಚ್ ಡಿಎಸ್‌ಜಿ ಊರಲ್ಲಿ ಹಿತ, ಆದರೆ ಸತತವಾಗಿ ಬಿಸಿ ಮಾಡಿದರೆ ಅದಕ್ಕೆ ಆಗಿಬರುವುದಿಲ್ಲ. ರಿಪೇರಿ ಬಿಲ್ಲೂ ದೊಡ್ಡದು. 2022ರಲ್ಲಿ ಪೋಲೋ ನಿಂತುಹೋಗಿರುವುದರಿಂದ ತಗೊಳ್ಳುವಾಗ ಸರ್ವಿಸ್ ದಾಖಲೆ ನೋಡಿಯೇ ತಗೊಳ್ಳಿ.

ಉಳಿದವು ಚುಟುಕಾಗಿ. ಅಬಾರ್ತ್ ಪುಂಟೋ 145 ಪಿಎಸ್, ನಾಲ್ಕೂ ಚಕ್ರಕ್ಕೆ ಡಿಸ್ಕ್, ಕಂಪನಿಯಿಂದಲೇ ಗಟ್ಟಿಮುಟ್ಟು. ಈ ಪಟ್ಟಿಯಲ್ಲಿ ನಿಜವಾದ ಹಾಟ್ ಹ್ಯಾಚ್ (ಚುರುಕು ಸಣ್ಣ ಕಾರು) ಅಂದರೆ ಅದೇ. ಆದರೆ ಫಿಯೆಟ್ ಅಂಗಡಿ ಮುಚ್ಚಿದ ಮೇಲೆ ಒಂದೊಂದು ಸೆನ್ಸರಿಗೂ ಹುಡುಕಾಟ. ಬಲೆನೋ ಆರ್‌ಎಸ್ 950 ಕೆ.ಜಿ., 102 ಪಿಎಸ್, ಹಿಂದೆಯೂ ಡಿಸ್ಕ್. ಜನ ಮರೆತಿದ್ದಾರೆ, ಒಳ್ಳೆಯದು ಸಿಕ್ಕರೆ ಬಿಡಬೇಡಿ. ಐ20 ಎನ್ ಲೈನ್ 120 ಪಿಎಸ್. 2023ರ ನಂತರದ ಆರು ಗೇರಿನ ಮ್ಯಾನ್ಯುಯಲ್ ಆದರೆ ಸರಿ, ವಾರಂಟಿ ಇನ್ನೂ ಇದ್ದರೆ ಏನೂ ಮುಟ್ಟದೆ ಹಾಗೇ ಓಡಿಸಿ.

ಬ್ರೇಕು: ಇಲ್ಲಿ ನಿಧಾನವಾಗಿ ಓದಿ

ಸುಮ್ನೆ ಒಂದು ಲೆಕ್ಕ ಹಾಕೋಣ. ಡ್ರೈವರ್ ಸೇರಿ ಪೋಲೋ 1,180 ಕೆ.ಜಿ. ಎಂದುಕೊಳ್ಳಿ. ನೇರ ದಾರಿಯ ಕೊನೆಯಲ್ಲಿ 150 ಕಿ.ಮೀ. ವೇಗದಿಂದ 60ಕ್ಕೆ ಇಳಿಸಿದರೆ ಬ್ರೇಕು ನುಂಗಬೇಕಾದ ಶಕ್ತಿ ಸುಮಾರು 860 ಕಿಲೋಜೂಲ್. ಅದರ ಮುಕ್ಕಾಲು ಭಾಗ ಮುಂದಿನ ಎರಡು ಡಿಸ್ಕಿಗೆ ಹೋಗುತ್ತದೆ. ಎರಡೂ ಸೇರಿ ಹತ್ತು ಕೆ.ಜಿ. ಕಬ್ಬಿಣ ಅಂತಿಟ್ಟುಕೊಂಡರೆ, ಒಂದೇ ಒಂದು ಸಲ ಬ್ರೇಕ್ ಒತ್ತಿದ್ದಕ್ಕೆ ಡಿಸ್ಕಿನ ಬಿಸಿ 140 ಡಿಗ್ರಿಯಷ್ಟು ಏರುತ್ತದೆ. ಅದು ಆರುವ ಮೊದಲೇ ಮುಂದಿನ ತಿರುವು ಬಂದಿರುತ್ತದೆ. ಅಲ್ಲಿ ಮತ್ತೆ ಏರುತ್ತದೆ.

ಅದೇ ಲೆಕ್ಕವನ್ನು ಸ್ವಿಫ್ಟಿಗೆ ಹಾಕಿ. ಡ್ರೈವರ್ ಸೇರಿ 960 ಕೆ.ಜಿ., ವೇಗ 140ರಿಂದ 60. ಸುಮಾರು 590 ಕಿಲೋಜೂಲ್. ಪೋಲೋದ ಮೂರನೇ ಎರಡು ಭಾಗದಷ್ಟು. ಇನ್ನು ಪೋಲೋಗೆ ರೀಮ್ಯಾಪ್ ಮಾಡಿಸಿ ಅದೇ ಜಾಗದಲ್ಲಿ 150ರ ಬದಲು 160 ಮುಟ್ಟಿದಿರಿ ಅನ್ನಿ. ಆಗ 1,000 ಕಿಲೋಜೂಲ್. ಬರೀ ಹತ್ತು ಕಿ.ಮೀ. ವೇಗಕ್ಕೆ ಬ್ರೇಕಿನ ಮೇಲಿನ ಹೊರೆ ಶೇ. 16 ಜಾಸ್ತಿ. ರೀಮ್ಯಾಪ್ ಸದ್ಯಕ್ಕೆ ಬೇಡ ಅಂದದ್ದು ಇದಕ್ಕೇ.

ಬ್ರೇಕು ಸೋಲುವುದರಲ್ಲಿ ಎರಡು ಬಗೆ. ಎರಡನ್ನೂ ಕಾಲಿನಲ್ಲೇ ಗುರುತು ಹಿಡಿಯಬಹುದು. ಪೆಡಲ್ ಗಟ್ಟಿಯಾಗೇ ಇದೆ, ಕಾಲು ಬಲವಾಗಿ ಒತ್ತುತ್ತಿದೆ, ಸುಟ್ಟ ವಾಸನೆ ಬರುತ್ತಿದೆ, ಆದರೆ ಕಾರು ನಿಲ್ಲುತ್ತಿಲ್ಲ. ಇದು ಪ್ಯಾಡ್ (ಡಿಸ್ಕನ್ನು ಹಿಡಿದು ಉಜ್ಜುವ ತುಂಡು) ಸೋತಿದ್ದು. ಇನ್ನೊಂದರಲ್ಲಿ ಪೆಡಲ್ಲೇ ಮೆತ್ತಗಾಗಿ ಉದ್ದಕ್ಕೆ ಕೆಳಗೆ ಹೋಗುತ್ತದೆ. ಇದು ಬ್ರೇಕ್ ಆಯಿಲ್ ಕುದ್ದದ್ದು. ಆಯಿಲ್ ಕುದಿದರೆ ಪೈಪಿನೊಳಗೆ ಆವಿ ಸೇರಿಕೊಳ್ಳುತ್ತದೆ. ಆವಿ ಅಮುಕಿದರೆ ಕುಗ್ಗುತ್ತದೆ, ಒತ್ತಡ ಪ್ಯಾಡನ್ನು ಒತ್ತುವ ಕ್ಯಾಲಿಪರ್ ತನಕ ಹೋಗುವುದೇ ಇಲ್ಲ. ಎರಡನೆಯದೇ ಹೆಚ್ಚು ಅಪಾಯ. ಮುನ್ಸೂಚನೆ ಕೊಡುವುದು ಕಮ್ಮಿ.

ಹಾಗಾಗಿ ಮೊದಲ ಆಯ್ಕೆ ಬ್ರೇಕ್ ಆಯಿಲ್. ಡಾಟ್ 4 (ಡಾಟ್ ಅಂದರೆ ಬ್ರೇಕ್ ಆಯಿಲಿನ ದರ್ಜೆ) ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು ಅಂತ ನಿಯಮ. ಆದರೆ ಅದು ಗಾಳಿಯ ತೇವ ಹೀರಿಕೊಳ್ಳುವ ದ್ರವ. ತೇವ ಸೇರಿದ ಮೇಲೆ ಅದೇ ನಿಯಮದಲ್ಲಿ ಕನಿಷ್ಠ 155 ಡಿಗ್ರಿ ಸಾಕು. ಡಾಟ್ 5.1 ಆದರೆ 260 ಮತ್ತು 180. ರೇಸಿಗೆಂದೇ ಬರುವ ಮೋಟುಲ್ ಆರ್‌ಬಿಎಫ್ 600 ಹೊಸದಿದ್ದಾಗ 312 ಡಿಗ್ರಿ ತಡೆಯುತ್ತದೆ. ಎರಡು ಮಳೆಗಾಲ ಕಂಡ ಹಳೆಯ ಆಯಿಲ್ ಜೊತೆ ಇದನ್ನು ಹೋಲಿಸಿ ನೋಡಿ. ಖರ್ಚು ಕೆಲವೇ ಸಾವಿರ. ಟ್ರ್ಯಾಕ್ ತಯಾರಿಯಲ್ಲಿ ಇಷ್ಟು ಕಡಿಮೆ ದುಡ್ಡಿಗೆ ಇಷ್ಟು ದೊಡ್ಡ ಲಾಭ ಕೊಡುವುದು ಬೇರೆ ಯಾವುದೂ ಇಲ್ಲ. ಒಂದು ಎಚ್ಚರಿಕೆ: ಡಾಟ್ 5 ಅಂದರೆ ಸಿಲಿಕೋನ್, ಬೇರೆಯದೇ ಜಾತಿ. 5.1 ಕೇಳಿದಾಗ 5 ಕೊಟ್ಟರೆ ತಗೋಬೇಡಿ.

ಎರಡನೆಯದು ಪ್ಯಾಡ್. ಪ್ಯಾಡಿನ ಅಂಚಿನಲ್ಲಿ ಅಚ್ಚಾದ ಸಾಲಿನ ಕೊನೆಯಲ್ಲಿ ಎಫ್‌ಎಫ್, ಜಿಜಿ ಥರ ಎರಡು ಅಕ್ಷರ ಇರುತ್ತವೆ. ಮೊದಲನೆಯದು ಸಾಮಾನ್ಯ ಬಿಸಿಯಲ್ಲಿ ಎಷ್ಟು ಹಿಡಿಯುತ್ತದೆ ಅಂತ, ಎರಡನೆಯದು ಜಾಸ್ತಿ ಬಿಸಿಯಲ್ಲಿ ಎಷ್ಟು ಅಂತ. ಇ, ಎಫ್, ಜಿ ಹೀಗೆ ಹಿಡಿತ ಏರುತ್ತದೆ. ಎಫ್‌ಇ ಅಂತ ಇದ್ದರೆ ಬಿಸಿಯಾದಾಗ ಹಿಡಿತ ಇಳಿಯುತ್ತದೆ ಅಂತ ಅರ್ಥ. ಅಂಗಡಿಯಲ್ಲಿ ಡಬ್ಬ ಬಿಚ್ಚಿಸಿ ನೋಡಿ, ನಾಚಿಕೆ ಬೇಡ.

ಪ್ಯಾಡಿನಲ್ಲಿ ಮೂರು ದಾರಿ. ಕಂಪನಿ ಪ್ಯಾಡು, ಮಧ್ಯಮ ದರ್ಜೆಯ ಪ್ಯಾಡು, ಪಕ್ಕಾ ರೇಸ್ ಪ್ಯಾಡು. ಕಂಪನಿಯದ್ದು ಸ್ವಿಫ್ಟಿಗೆ ಮೊದಲ ದಿನಕ್ಕೆ ಸಾಕು, ಲ್ಯಾಪ್ ಕಡಿಮೆ ಮಾಡಿಕೊಂಡರೆ. ರೇಸ್ ಪ್ಯಾಡು ತಣ್ಣಗಿದ್ದಾಗ ಕಚ್ಚುವುದಿಲ್ಲ. ವೆಲ್ಲೂರು ಹೈವೇಲಿ ಎದುರಿಗೆ ದನ ಬಂದಾಗ ಅದು ಬಿಸಿಯಾಗಿರುವುದಿಲ್ಲ ಅಲ್ವಾ? ಆದ್ದರಿಂದ ನಮ್ಮಂಥವರಿಗೆ ಮಧ್ಯದ್ದೇ ಸರಿ. ಫೆರೋಡೋ ಡಿಎಸ್2500, ಇಬಿಸಿ ಯೆಲ್ಲೋಸ್ಟಫ್ ಇಂಥವು. ಹಾಕಿಸಿದ ಮೇಲೆ ಖಾಲಿ ರಸ್ತೆಯಲ್ಲಿ 80ರಿಂದ 20ಕ್ಕೆ ಎಂಟ್ಹತ್ತು ಸಲ ಇಳಿಸಿ, ಪೂರ್ತಿ ನಿಲ್ಲಿಸದೆ ಓಡಿಸುತ್ತಾ ಆರಿಸಿ. ಪ್ಯಾಡು ಕೂರಲು ಇದು ಬೇಕೇ ಬೇಕು.

ದೊಡ್ಡ ಡಿಸ್ಕು, ಹಿಂದಿನ ಡ್ರಮ್ ತೆಗೆದು ಡಿಸ್ಕ್ ಹಾಕಿಸುವುದು, ಇವೆಲ್ಲ ನೋಡಲು ಚೆಂದ. ಎಂಜಿನ್ ಮುಂದಿನ ಚಕ್ರಗಳನ್ನು ತಿರುಗಿಸುವ ಇಂಥ ಮುಂಚಕ್ರದ ಕಾರಿನಲ್ಲಿ ಹಿಂದಿನ ಬ್ರೇಕಿಗೆ ಬರುವ ಕೆಲಸವೇ ಕಮ್ಮಿ. ಅಷ್ಟು ದುಡ್ಡಿಗೆ ಅಲ್ಲಿ ಸಿಗುವುದು ತೀರಾ ಸ್ವಲ್ಪ. ಮುಂದೆ ದೊಡ್ಡ ಡಿಸ್ಕ್ ಹಾಕಿಸುವುದಕ್ಕೆ ಅರ್ಥ ಇದೆ, ಆದರೆ ಆಯಿಲ್, ಪ್ಯಾಡ್ ಎರಡೂ ಬದಲಿಸಿದ ಮೇಲೂ ಸೋಲುತ್ತಿದ್ದರೆ ಮಾತ್ರ.

ಟೈರೋ, ಶಾಕ್ಸೋ?

ಟೈರು, ಶಾಕ್ ಅಬ್ಸಾರ್ಬರ್ ಎರಡರಲ್ಲಿ ಒಂದು ಅಂದರೆ ಟೈರು. ಇದರಲ್ಲಿ ನನಗೆ ಅನುಮಾನವೇ ಇಲ್ಲ. ರಸ್ತೆ ಮುಟ್ಟುವ ಸಾಮಾನು ಅದೊಂದೇ.

ಟೈರಿನ ಪಕ್ಕೆಯಲ್ಲಿ ಟ್ರೆಡ್‌ವೇರ್ ಅಂತ ಒಂದು ಸಂಖ್ಯೆ ಇರುತ್ತದೆ. 300ರ ಮೇಲಿದ್ದರೆ ಬಾಳಿಕೆಯ ಟೈರು, 200ರ ಆಸುಪಾಸು ಅಂದರೆ ಟ್ರ್ಯಾಕ್ ಕಡೆಗೆ ವಾಲಿದ್ದು. ಮೈಖೆಲಿನ್ ಪೈಲಟ್ ಸ್ಪೋರ್ಟ್ 4 ಮೊದಲ ಗುಂಪಿನದ್ದು. ಮಳೆಯಲ್ಲಿ ನಂಬಬಹುದು, ಹೈವೇಗೂ ಒಳ್ಳೆಯದು. ಯೊಕೊಹಾಮಾ ಅಡ್ವಾನ್ ನಿಯೋವಾ ಎರಡನೇ ಗುಂಪಿನದ್ದು. ಒಣ ಟ್ರ್ಯಾಕಿನಲ್ಲಿ ಅದರ ಹಿಡಿತವೇ ಬೇರೆ, ಬೇಗ ಸವೆಯುವುದೂ ಅಷ್ಟೇ ನಿಜ. 2020ರಲ್ಲಿ ಟೈರ್ ಆಮದಿನ ಮೇಲೆ ನಿರ್ಬಂಧ ಬಂದ ಮೇಲೆ ನಮ್ಮ ಸಣ್ಣ ಸೈಜುಗಳಲ್ಲಿ ಇಂಥವು ಬೇಕೆಂದಾಗ ಸಿಗುವುದಿಲ್ಲ. ಮೊದಲ ಒಂದೆರಡು ಟ್ರ್ಯಾಕ್ ಡೇಗೆ ಒಳ್ಳೆಯ ರಸ್ತೆ ಟೈರೇ ಇರಲಿ. ಜಾರುವ ಮೊದಲು ಅದು ಕೀರಲು ದನಿಯಲ್ಲಿ ಹೇಳುತ್ತದೆ, ಕಲಿಯುವವರಿಗೆ ಆ ದನಿ ಬೇಕು.

ಗಾಳಿಯ ವಿಷಯ ಹೊಸ ಟೈರಿಗಿಂತ ಮುಖ್ಯ ಅಂದರೂ ತಪ್ಪಲ್ಲ. ಬೆಳಿಗ್ಗೆ ತಣ್ಣಗಿದ್ದಾಗ 33 ಪಿಎಸ್‌ಐ ಹೊಡೆಸಿಕೊಂಡು ಹೋದರೆ ನಾಲ್ಕೈದು ಲ್ಯಾಪಿಗೆ ಅದು 39–40 ಮುಟ್ಟಬಹುದು. ಟೈರು ಉಬ್ಬಿ ಹಿಡಿತ ಬಿಡುತ್ತದೆ. ಪಿಟ್‌ಗೆ ಬಂದ ತಕ್ಷಣ ಬಿಸಿಯಲ್ಲೇ ಅಳೆದು 35ರ ಆಸುಪಾಸಿಗೆ ಇಳಿಸಿ ನೋಡಿ. ಕೈಯಲ್ಲಿ ಹಿಡಿಯುವ ಒಂದು ಗೇಜ್, ಸಿಗಾರ್ ಸಾಕೆಟ್ಟಿಗೆ ಚುಚ್ಚುವ ಒಂದು ಪಂಪು ಸಾಕು. ಜೊತೆಗೆ ಮುಂದಿನ ಟೈರಿನ ಹೊರ ಅಂಚು ನೋಡಿ. ಪಕ್ಕೆಯ ಮೇಲೆ ಇರುವ ಸಣ್ಣ ತ್ರಿಕೋನ ಗುರುತನ್ನೂ ದಾಟಿ ಉಜ್ಜಿದ್ದರೆ ಎರಡು ಕಾರಣ: ಗಾಳಿ ಕಮ್ಮಿ, ಇಲ್ಲವೇ ಕ್ಯಾಂಬರ್ (ಚಕ್ರದ ಮೇಲ್ಭಾಗ ಒಳಕ್ಕೋ ಹೊರಕ್ಕೋ ವಾಲಿರುವ ಕೋನ) ಸಾಲದು.

ಈ ಕ್ಯಾಂಬರ್ ವಿಷಯದಲ್ಲಿ ಸ್ವಿಫ್ಟ್, ಪೋಲೋ ನಡುವೆ ಒಂದು ದೊಡ್ಡ ವ್ಯತ್ಯಾಸ ಇದೆ. ಸ್ವಿಫ್ಟ್‌ನಲ್ಲಿ ಮುಂದಿನ ಸ್ಟ್ರಟ್ (ಸ್ಪ್ರಿಂಗ್, ಶಾಕ್ಸ್ ಸೇರಿದ ಕಂಬ) ಕೆಳಗೆ ಎರಡು ಬೋಲ್ಟಿನಲ್ಲಿ ಕೂರುತ್ತದೆ. ಅದರಲ್ಲೊಂದನ್ನು ತೆಗೆದು ಕ್ಯಾಂಬರ್ ಬೋಲ್ಟ್ ಹಾಕಿದರೆ ಒಂದು ಡಿಗ್ರಿಗಿಂತ ಜಾಸ್ತಿ ನೆಗೆಟಿವ್ (ಒಳಕ್ಕೆ ವಾಲುವ) ಕ್ಯಾಂಬರ್ ಸಿಗುತ್ತದೆ. ಸೋವಿ ಕೆಲಸ. ಆಮೇಲೆ ವೀಲ್ ಅಲೈನ್‌ಮೆಂಟ್ ಮಾಡಿಸಬೇಕು ಅಷ್ಟೇ. ಪೋಲೋದಲ್ಲಿ ಸ್ಟ್ರಟ್ ಒಂದು ಕ್ಲ್ಯಾಂಪಿನೊಳಗೆ ಇಳಿದು ಕೂರುತ್ತದೆ, ಆ ಬೋಲ್ಟ್ ಉಪಾಯ ನಡೆಯುವುದಿಲ್ಲ. ಮೇಲಿನ ಮೌಂಟ್ ಬದಲಿಸಬೇಕು, ಖರ್ಚು ಜಾಸ್ತಿ.

ಇನ್ನು ಶಾಕ್ಸ್. ಬರೀ ಲೋವರಿಂಗ್ ಸ್ಪ್ರಿಂಗ್ (ಕಾರನ್ನು ತಗ್ಗಿಸುವ ಬಿಗಿ ಸ್ಪ್ರಿಂಗ್) ಹಾಕಿಸಿ ಹಳೆಯ ಶಾಕ್ಸೇ ಉಳಿಸಿಕೊಳ್ಳುವುದು ನನಗೆ ಒಪ್ಪಿಗೆಯಿಲ್ಲ. ಬಿಗಿ ಸ್ಪ್ರಿಂಗನ್ನು ಹಿಡಿದಿಡುವ ಶಕ್ತಿ ಕಂಪನಿ ಶಾಕ್ಸಿಗೆ ಇರುವುದಿಲ್ಲ. ಇನ್ನೊಂದು ವಿಷಯ ಹೆಚ್ಚಿನವರು ಗಮನಿಸುವುದಿಲ್ಲ. ಈ ಬಗೆಯ ಸ್ಟ್ರಟ್ ಇರುವ ಕಾರನ್ನು ತೀರಾ ತಗ್ಗಿಸಿದರೆ, ಕಾರು ಓಲಾಡುವ ಕೇಂದ್ರಬಿಂದು ಕಾರಿನ ತೂಕದ ಬಿಂದುವಿಗಿಂತ ಬೇಗ ಕೆಳಗಿಳಿಯುತ್ತದೆ. ಎರಡರ ನಡುವಿನ ಅಂತರ ಹೆಚ್ಚಿ, ತಗ್ಗಿಸಿದ ಕಾರು ಇನ್ನಷ್ಟು ವಾಲಲು ನೋಡುತ್ತದೆ. 25–30 ಮಿ.ಮೀ. ಸಾಕು. ಅದಕ್ಕಿಂತ ಇಳಿಸಿದರೆ ನಮ್ಮ ಬಡಾವಣೆಯ ಹಂಪುಗಳೂ ಬಿಡುವುದಿಲ್ಲ.

ನನ್ನ ಆಯ್ಕೆ: ಸ್ಪ್ರಿಂಗ್ ಮತ್ತು ಅದಕ್ಕೆ ಹೊಂದುವ ಶಾಕ್ಸ್, ಬಿಲ್‌ಸ್ಟೈನ್ ಬಿ8 ಥರದ್ದು. ಕಾಯಿಲೋವರ್ (ಎತ್ತರ ಹೊಂದಿಸಬಹುದಾದ ಸ್ಪ್ರಿಂಗ್–ಶಾಕ್ಸ್ ಜೋಡಿ) ಅಂದರೆ ಸುಲಭವಾಗಿ ಲಕ್ಷ ದಾಟುತ್ತದೆ. ಅದನ್ನು ಟ್ಯೂನ್ ಮಾಡಲು ತಾಳ್ಮೆ ಇರುವವರಿಗೆ ಮಾತ್ರ. ಹಿಂದಿನ ಆ್ಯಂಟಿ ರೋಲ್ ಬಾರ್ (ಕಾರು ವಾಲುವುದನ್ನು ತಡೆಯುವ ಸರಳು) ಬಗ್ಗೆ ಒಂದು ಮಾತು. ಅದು ಮುಂಚಕ್ರದ ಕಾರಿನ ಮೂತಿ ಹೊರಗೆ ಓಡುವುದನ್ನು ಚೆನ್ನಾಗಿ ತಗ್ಗಿಸುತ್ತದೆ. ಆದರೆ ತಿರುವಿನ ನಡುವೆ ಹೆದರಿ ಆಕ್ಸಿಲರೇಟರ್ ಬಿಟ್ಟರೆ ಹಿಂಭಾಗ ಸುತ್ತಿಕೊಂಡು ಬರುತ್ತದೆ. ಒದ್ದೆ ರಸ್ತೆಯಲ್ಲಿ ಇನ್ನೂ ಬೇಗ. ಕಾರಿನ ಗುಣ ಪೂರ್ತಿ ಗೊತ್ತಾದ ಮೇಲೆ ಹಾಕಿಸಿ.

ಎಂಜಿನ್

ಟರ್ಬೊ ಕಾರಿಗೆ ಸ್ಟೇಜ್ 1 ರೀಮ್ಯಾಪ್ (ಬೇರೆ ಪಾರ್ಟ್ ಬದಲಿಸದೆ ಬರೀ ಸಾಫ್ಟ್‌ವೇರ್) ದುಡ್ಡಿಗೆ ತಕ್ಕ ಪವರ್ ಕೊಡುತ್ತದೆ, ಅದರಲ್ಲಿ ಎರಡು ಮಾತಿಲ್ಲ. ಟರ್ಬೊ ಇಲ್ಲದ ಸ್ವಿಫ್ಟಿಗೆ ಸಿಗುವುದು ತೀರಾ ಕಮ್ಮಿ, ಅಲ್ಲಿ ಯೋಚನೆಯನ್ನೇ ಬಿಡಿ. ಪೋಲೋದಲ್ಲಿ ಮೂರು ವಿಷಯ ನೋಡಿ. ಚೆನ್ನೈ ಬಿಸಿಲಿನಲ್ಲಿ ನಾಲ್ಕೈದು ಲ್ಯಾಪ್ ಆದ ಮೇಲೆ ಎಂಜಿನ್ ಎಳೆದುಕೊಳ್ಳುವ ಗಾಳಿ ಬಿಸಿಯಾಗುತ್ತದೆ, ಎಂಜಿನ್ ಕಂಪ್ಯೂಟರ್ (ಇಸಿಯು) ತಾನಾಗೇ ಪವರ್ ಇಳಿಸುತ್ತದೆ. ಅಂದರೆ ಆ ಹೆಚ್ಚಿನ ಪವರ್ ಮೊದಲ ಕೆಲವು ಲ್ಯಾಪಿಗೆ ಮಾತ್ರ. ಎರಡನೆಯದು, ಡ್ರೈ ಕ್ಲಚ್ ಡಿಎಸ್‌ಜಿಯ ಮಿತಿ 250 ಎನ್‌ಎಂ. ರೀಮ್ಯಾಪ್ ಆದ ಕಾರು ಆ ಮಿತಿಯ ಹತ್ತಿರ ಬಂದಿರುತ್ತದೆ. ಮೂರನೆಯದು ಪೆಟ್ರೋಲ್. 95ರ ಮೇಲಿನ ಆಕ್ಟೇನಿಗೆ, ಅಂದರೆ ದುಬಾರಿ ಪ್ರೀಮಿಯಂ ಪೆಟ್ರೋಲಿಗೆ, ಮಾಡಿದ ಮ್ಯಾಪ್ ಇಟ್ಟುಕೊಂಡು ದಾರಿಯಲ್ಲಿ ಸಿಕ್ಕ ಬಂಕಿನಲ್ಲಿ ಮಾಮೂಲಿ ಪೆಟ್ರೋಲ್ ತುಂಬಿಸಬೇಡಿ.

ರೀಮ್ಯಾಪ್ ಬದಲು ಮಾಡಬೇಕಾದ ಎಂಜಿನ್ ಕೆಲಸ ಬೇರೆ ಇದೆ. ಹೊಸ ಎಂಜಿನ್ ಆಯಿಲ್, ಡಿಪ್‌ಸ್ಟಿಕ್‌ನಲ್ಲಿ ಮೇಲಿನ ಗೆರೆಯ ತನಕ. ಉದ್ದ ತಿರುವುಗಳಲ್ಲಿ ಆಯಿಲ್ ಒಂದೇ ಪಕ್ಕಕ್ಕೆ ಸರಿಯುತ್ತದೆ, ಕಡಿಮೆ ಇದ್ದರೆ ಪಂಪು ಗಾಳಿ ಎಳೆದುಕೊಳ್ಳುತ್ತದೆ. ಕೂಲೆಂಟ್ ಹಳೆಯದಾದರೆ ಬದಲಿಸಿ. ಎಕ್ಸಾಸ್ಟ್, ಏರ್ ಫಿಲ್ಟರ್, ಬಾನೆಟ್ ಕೆಳಗಿನ ಸ್ಟ್ರಟ್ ಬಾರ್, ಇವು ಯಾವುವೂ ಆರನೇ ಲ್ಯಾಪಿಗೆ ಸಹಾಯ ಮಾಡುವುದಿಲ್ಲ. ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ (ಒಂದೇ ಚಕ್ರ ಸುಮ್ಮನೆ ಸುತ್ತದಂತೆ ತಡೆಯುವ ಸಾಮಾನು) ನಿಜಕ್ಕೂ ಸಹಾಯ ಮಾಡುತ್ತದೆ, ಆದರೆ ಗೇರ್‌ಬಾಕ್ಸ್ ಇಳಿಸಬೇಕು. ಅದು ಟ್ರ್ಯಾಕಿಗೇ ಮೀಸಲಾದ ಕಾರಿನ ಕೆಲಸ.

ಸೀಟು, ಬೆಲ್ಟು

ಮೈಯನ್ನು ಎರಡೂ ಪಕ್ಕದಿಂದ ಹಿಡಿದಿಡುವ ಒಳ್ಳೆಯ ಬಕೆಟ್ ಸೀಟು ಸ್ಟೀರಿಂಗ್ ಹಿಡಿದು ನೇತಾಡುವುದನ್ನು ತಪ್ಪಿಸುತ್ತದೆ. ಆದರೆ ಅದಕ್ಕೆ ತಕ್ಕ ಸೀಟು, ರೋಲ್ ಬಾರ್ (ಕಾರು ಮಗುಚಿದರೆ ಟಾಪು ತಗ್ಗದಂತೆ ತಡೆಯುವ ಉಕ್ಕಿನ ಕಮಾನು) ಇಲ್ಲದೆ ಬರೀ ನಾಲ್ಕು ಪಾಯಿಂಟ್ ಹಾರ್ನೆಸ್ (ರೇಸ್ ಬೆಲ್ಟು) ಹಾಕಿಕೊಳ್ಳಬೇಡಿ. ಕಾರು ಮಗುಚಿದಾಗ ಮೈ ಪಕ್ಕಕ್ಕೆ ಬಾಗಲು ಬಿಡದೆ ಅದು ನೆಟ್ಟಗೆ ಹಿಡಿದಿಡುತ್ತದೆ, ತಗ್ಗಿದ ಟಾಪಿನ ಪೆಟ್ಟು ನೇರ ತಲೆಗೆ, ಕುತ್ತಿಗೆಗೆ. ಕಂಪನಿಯ ಮೂರು ಪಾಯಿಂಟ್ ಬೆಲ್ಟು ಮತ್ತು ಏರ್‌ಬ್ಯಾಗ್ ಒಂದಕ್ಕೊಂದು ಹೊಂದುವಂತೆ ಮಾಡಿರುವ ಜೋಡಿ. ಅದನ್ನೇ ನಂಬಿ.

ಕೈಯಲ್ಲಿ ಎಷ್ಟಿದೆ ನೋಡಿಕೊಂಡು

ಇಪ್ಪತ್ತು–ಮೂವತ್ತು ಸಾವಿರ ಇದ್ದರೆ ಬ್ರೇಕ್ ಆಯಿಲ್, ಮುಂದಿನ ಪ್ಯಾಡ್, ಎಂಜಿನ್ ಆಯಿಲ್, ಸ್ವಿಫ್ಟ್ ಆದರೆ ಕ್ಯಾಂಬರ್ ಬೋಲ್ಟ್. ಉಳಿದದ್ದು ಟ್ರ್ಯಾಕ್ ಫೀಜಿಗೆ, ಸಾಧ್ಯವಾದರೆ ಪಕ್ಕದಲ್ಲಿ ಕೂತು ಹೇಳಿಕೊಡುವ ಒಬ್ಬ ಇನ್‌ಸ್ಟ್ರಕ್ಟರ್‌ಗೆ. ಎಂಬತ್ತು ಸಾವಿರ ಇದ್ದರೆ ಇದರ ಮೇಲೆ ನಾಲ್ಕು ಟೈರು. ಒಂದೂವರೆ ಲಕ್ಷ ಅಂದರೆ ಸ್ಪ್ರಿಂಗು, ಶಾಕ್ಸ್. ರೀಮ್ಯಾಪ್ ಇದೆಲ್ಲ ಆದ ಮೇಲೆ, ಮ್ಯಾನ್ಯುಯಲ್ ಪೋಲೋಗೆ ಮಾತ್ರ.

ಇನ್ಶೂರೆನ್ಸ್ ಬಗ್ಗೆ ಮನೆಯವರಿಗೂ ತಿಳಿಸಿಯೇ ಹೊರಡಿ. ಖಾಸಗಿ ಕಾರಿನ ಪಾಲಿಸಿಯಲ್ಲಿ ರೇಸಿಂಗ್, ಸ್ಪೀಡ್ ಟೆಸ್ಟಿಂಗ್ ಹೊರಗಿಟ್ಟಿರುತ್ತಾರೆ. ಟ್ರ್ಯಾಕಿನಲ್ಲಿ ಗೋಡೆಗೆ ಹೊಡೆದರೆ ಖರ್ಚು ನಿಮ್ಮದೇ ಅಂತ ಲೆಕ್ಕ ಹಾಕಿಕೊಳ್ಳಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ನೋಂದಣಿಯಲ್ಲಿ ಇರುವ ಕಂಪನಿ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಿಸುವಂತಿಲ್ಲ. ಗದ್ದಲದ ಎಕ್ಸಾಸ್ಟ್ ಬೇಡ ಅನ್ನುವುದಕ್ಕೆ ಇದೂ ಒಂದು ಕಾರಣ.

ಆ ದಿನ ಬೆಳಿಗ್ಗೆ ಫ್ಲೋರ್ ಮ್ಯಾಟ್, ನೀರಿನ ಬಾಟಲಿ, ಸ್ಟೆಪ್ನಿ, ಜ್ಯಾಕ್ ಎಲ್ಲ ಇಳಿಸಿಡಿ. ಸಡಿಲ ಬಾಟಲಿ ಉರುಳಿ ಬ್ರೇಕ್ ಪೆಡಲ್ ಕೆಳಗೆ ಸೇರಿದರೆ ಕಥೆ ಮುಗಿಯಿತು. ಟಾರ್ಕ್ ರೆಂಚ್ ತಗೊಂಡು ಚಕ್ರದ ಬೋಲ್ಟ್ ನೋಡಿ, ಪೋಲೋಗೆ 120 ಎನ್‌ಎಂ. ಪ್ರತಿ ಸೆಷನ್ನಿನ ಕೊನೇ ಸುತ್ತು ಬ್ರೇಕ್ ಮುಟ್ಟದೆ ನಿಧಾನವಾಗಿ ಬನ್ನಿ. ನಿಲ್ಲಿಸಿದಾಗ ಹ್ಯಾಂಡ್ ಬ್ರೇಕ್ ಎಳೆಯಬೇಡಿ, ಬಿಸಿ ಡ್ರಮ್ಮಿಗೆ ಅಂಟಿಕೊಳ್ಳುತ್ತದೆ. ಗೇರಿಗೆ ಹಾಕಿ ಚಕ್ರಕ್ಕೆ ಇಟ್ಟಿಗೆ ಕೊಡಿ. ಟರ್ಬೊ ಎಂಜಿನ್ ಆದರೆ ಒಂದೆರಡು ನಿಮಿಷ ಹಾಗೇ ಓಡಲು ಬಿಟ್ಟು ಆಮೇಲೆ ಆಫ್ ಮಾಡಿ.

ಸಂಜೆ ಬೆಂಗಳೂರಿಗೆ ಹೊರಡುವ ಮುಂಚೆ ಚಕ್ರದ ಸಂದಿಯಿಂದ ಟಾರ್ಚ್ ಬಿಟ್ಟು ಪ್ಯಾಡ್ ಎಷ್ಟು ಉಳಿದಿದೆ ನೋಡಿ. ಬೋಲ್ಟುಗಳನ್ನು ಇನ್ನೊಮ್ಮೆ ಬಿಗಿ ಮಾಡಿ. ಬಿಸಿಯಲ್ಲಿ ಇಳಿಸಿದ ಗಾಳಿ ಟೈರು ತಣ್ಣಗಾದ ಮೇಲೆ 28–29ಕ್ಕೆ ಬಂದಿರುತ್ತದೆ. ಅದನ್ನು ಮತ್ತೆ ಕಂಪನಿ ಹೇಳಿದಷ್ಟಕ್ಕೆ ಹೊಡೆಸಿಕೊಂಡು ಹೈವೇ ಹತ್ತಿ.